ಕೋಟಿನವನು

ಬಾರ್ನ್ಸ್ಲಿ,
ಭಾನುವಾರ

ಮಾನ್ಯ ನೈಜಲ್ ಅವರಿಗೆ,

ಸ್ಲೇಟ್ ಹಾರ್ಸಸ್ ಬ್ಯಾಂಡಿನ ಹಾಡುಗಳನ್ನೆಲ್ಲ ಕೂಡಿಟ್ಟಿರುವ ನಿಮ್ಮ ಜಾಲತಾಣದ ಬಗ್ಗೆ ಬರೆಯುತ್ತಿದ್ದೇನೆ. ಅದರಲ್ಲಿ ನಮ್ಮೂರಿನ 1978ರ ಕಾರ್ಯಕ್ರಮವಿದೆ. ಯಾರೋ ಅಭಿಮಾನಿ ಚೀಲದಲ್ಲಿ ಟೇಪ್ ರೆಕಾರ್ಡರ್ ಬಚ್ಚಿಟ್ಟುಕೊಂಡು ಹೋಗಿ ಮುದ್ರಿಸಿದ್ದು. ಮೂರನೇ ಹಾಡಿನ ನಡುವೆ ಒಬ್ಬ ಗಂಡಸು ಕೂಗುತ್ತಾನೆ: “ಬೆರಿಲ್, ನಿನ್ ಕೋಟು ನನ್ ಹತ್ರಾನೇ ಇದೆ ಕಣೇ. ಬೇಗ ಬಾ, ಚಿಪ್ಸ್ ಅಂಗಡಿ ಮುಚ್ಚಿಬಿಡ್ತಾರೆ.”

ನೀವೆಲ್ಲ ಜಾಲತಾಣದಲ್ಲಿ ಅವನಿಗೆ ‘ಕೋಟಿನವನು’ ಎಂದು ಹೆಸರಿಟ್ಟು, ಹಾಡು ಕೆಡಿಸಿದನೆಂದು ವರ್ಷಗಟ್ಟಲೆ ಬೈದಿದ್ದೀರಿ. ಅದು ನನ್ನ ಯಜಮಾನರು, ಕ್ಲಿಫರ್ಡ್. ಆ ಬೈಗುಳ ಓದಿ, “ನೋಡ್ದ್ಯಾ, ನಾನೂ ಬ್ಯಾಂಡಿಗೆ ಸೇರ್ಬಿಟ್ಟೆ” ಎಂದು ನಗುತ್ತಿದ್ದರು. ಮಾರ್ಚಿನಲ್ಲಿ ತೀರಿಕೊಂಡರು.

ಆಮೇಲೆ ದಿನಾ ಟೀ ಹೊತ್ತಿಗೆ, ಅವರು ಹೇಳಿಕೊಟ್ಟ ಹಾಗೆ ಗುಂಡಿ ಒತ್ತಿ, ಅದೊಂದನ್ನು ಕೇಳುತ್ತಿದ್ದೆ. ಕಳೆದ ವಾರ ಒತ್ತಿದರೆ ಬರೀ ಹಾಡು. ಕೆಳಗೆ ನಿಮ್ಮ ಟಿಪ್ಪಣಿ: ‘ಹೊಸ ತಂತ್ರಾಂಶದಿಂದ ಗದ್ದಲ ತೆಗೆದಿದ್ದೇವೆ. ಕೋಟಿನವನ ಕಾಟ ಕೊನೆಗೂ ತೊಲಗಿತು.’ ಬಹಳ ಜನ ಮೆಚ್ಚಿದ್ದಾರೆ.

ನಿಮ್ಮ ಶ್ರಮವನ್ನು ಹಳಿಯುತ್ತಿಲ್ಲ. ಹಳೆಯದನ್ನು ಅಳಿಸಿರದಿದ್ದರೆ ನನಗೊಂದು ಪ್ರತಿ ಕಳಿಸಿ. ಮೂರನೇ ಹಾಡು ಸಾಕು. ಸಿ.ಡಿ.ಯಲ್ಲಿ ಹಾಕಿ ಅಂಚೆಗೆ ಕೊಟ್ಟರೆ ಒಳ್ಳೆಯದು. ಕಂಪ್ಯೂಟರಿನ ವ್ಯವಹಾರವನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು.

ಈಗ ಹಾಡು ಬಹಳ ಸ್ಪಷ್ಟವಾಗಿ ಕೇಳುತ್ತದೆ, ನಿಜ. ಆದರೆ ನನಗದು ಅವತ್ತೂ ಹಿಡಿಸಿರಲಿಲ್ಲ. ಅದಕ್ಕೇ ಬಾಗಿಲ ಹತ್ತಿರ ಹೋಗಿ ನಿಂತಿದ್ದೆ, ಚಳಿಯಲ್ಲಿ, ಕೋಟಿಲ್ಲದೆ.

ಇಂತಿ,
ಬೆರಿಲ್ ಹಾರ್ಗ್ರೀವ್ಸ್