ಉಪ್ಪಿನ ಬಯಲು ದಾಟಿದ ಮೇಲೆ

ಬುಧವಾರ, ಮಧ್ಯಾಹ್ನ ಒಂದೂವರೆ

ಅಮ್ಮಾ,

ಮೊದಲು ಕನ್ನಡಕ ಹಾಕಿಕೋ. ಹಾಕಿಕೊಂಡೆಯಾ? ಸರಿ, ಈಗ ಓದು.

ಶುಕ್ರವಾರ ಬೆಳಿಗ್ಗೆ ಲಾರಿ ಹೊರಡಿಸುವಾಗ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಒಂದಲ್ಲ, ನಾಲ್ಕು ಇಟ್ಟುಕೋ. ಉಪ್ಪಿನ ಬಯಲಿಗೆ ಮುಂಚೆ ಸಿಗುವ ಕೊನೆಯ ಊರಿನಲ್ಲೇ ಡೀಸೆಲ್ ಟ್ಯಾಂಕು ತುಂಬಿಸಿಕೋ. ಆಮೇಲೆ ಎಲ್ಲಾದರೂ ನೋಡಿಕೊಂಡರಾಯಿತು ಎಂದುಕೊಳ್ಳಬೇಡ. ಯಾಕೆ ಏನು ಎಂದು ಕೆಳಗೆ ಬರೆಯುತ್ತೇನೆ. ಅದನ್ನು ಓದಿ ಕೋಪ ಬಂದು ಕಾಗದ ಹರಿದು ಹಾಕಿದರೂ ಪರವಾಗಿಲ್ಲ, ಇಷ್ಟು ಮಾತ್ರ ಮಾಡು.

ಭಾನುವಾರ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಾನು ಬಾಯಿ ತೆರೆಯುವ ಮೊದಲೇ, “ಹೋಗ್ಬೇಡ ಅನ್ನೋದಾದ್ರೆ ಈಗ್ಲೇ ಇಡ್ತೀನಿ” ಎಂದು ನೀನು ಇಟ್ಟುಬಿಟ್ಟೆ. ಮೆಸೇಜು ಕಳಿಸಿದರೆ ಓದದೆಯೇ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ ಸುಮ್ಮನಾಗುತ್ತೀಯ. ಹೋದ ತಿಂಗಳು ನನಗೆ ಜ್ವರ ಎಂದು ಬರೆದದ್ದಕ್ಕೂ ಅದೇ ಹೆಬ್ಬೆರಳು ಬಂತು. ಆದರೆ ಲೋಡಿನ ಜೊತೆ ಕೊಡುವ ಕಾಗದಗಳನ್ನು ಮಾತ್ರ ಪೂರ್ತಿ ಓದದೆ ನೀನು ಕೀ ತಿರುಗಿಸುವವಳಲ್ಲ. ಅದಕ್ಕೇ ಈ ದಾರಿ ಹಿಡಿದಿದ್ದೇನೆ. ನಮ್ಮ ಪಕ್ಕದ ಮನೆಯ ಕಂಡಕ್ಟರ್ ಅಣ್ಣನ ಬಸ್ಸು ನಾಳೆ ಮಧ್ಯಾಹ್ನ ನಿಮ್ಮ ಡಿಪೋ ಮುಂದೆಯೇ ಹಾದುಹೋಗುತ್ತದೆ. ಅವರು ಇದನ್ನು ನಿಮ್ಮ ಸೂಪರ್‌ವೈಸರ್ ಕೈಗೆ ಕೊಡುತ್ತಾರೆ. ಟ್ರಿಪ್ ಶೀಟಿನ ಜೊತೆ ಕ್ಲಿಪ್ಪು ಹಾಕಿ ಕೊಡಿ ಎಂದು ಲಕೋಟೆಯ ಮೇಲೆ ದೊಡ್ಡದಾಗಿ ಬರೆದಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಮೂರು ತಿಂಗಳು ಊಟದ ಮೇಜಿಗೆ ಸ್ಟೇರಿಂಗ್ ಬಿಗಿದು, ನಾವು ಮಾಡಿದ ಲಾರಿ ಗೇಮಿನಲ್ಲಿ ಓಡಿಸಿದ ಮರುಭೂಮಿಗೂ ನಿಜವಾದ ಮರುಭೂಮಿಗೂ ಸ್ವಲ್ಪ ವ್ಯತ್ಯಾಸವಿದೆ. ದೂರದ ವಿಷಯ ನಿನಗೆ ಗೊತ್ತೇ ಇದೆ. ಗೇಮಿನಲ್ಲಿ ಇಡೀ ರಾಜ್ಯವನ್ನು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಸಿದ್ದೇವೆ. ಉಪ್ಪಿನ ಬಯಲಿಂದ ಕೆಂಪು ಘಾಟಿಯ ಬುಡಕ್ಕೆ ನೀನು ಹತ್ತು ನಿಮಿಷದಲ್ಲಿ ಹೋಗಿ, “ಇಷ್ಟೇನಾ?” ಎಂದೆಯಲ್ಲ, ಅದು ನೂರ ತೊಂಬತ್ತು ಕಿಲೋಮೀಟರು. ನಡುವೆ ಒಂದು ಗಿಡದ ನೆರಳೂ ಇಲ್ಲ. ಫೋನಿಗೆ ಸಿಗ್ನಲ್ಲೂ ಇಲ್ಲ.

ಬಿಸಿಲಿನ ವಿಷಯದಲ್ಲೂ ಮೋಸವಿದೆ. ಎರಡು ವರ್ಷದ ಹವಾಮಾನದ ಪಟ್ಟಿ ಮುಂದಿಟ್ಟುಕೊಂಡು ಒಂದೊಂದು ಗಂಟೆಯ ಶಾಖವನ್ನೂ ನಾನೇ ತುಂಬಿಸಿದ್ದೆ. ಮಧ್ಯಾಹ್ನ ನಲವತ್ತಾರು ಡಿಗ್ರಿ, ಬೆಳಗಿನ ಜಾವ ಸ್ವೆಟರು ಬೇಕಾಗುವಷ್ಟು ಚಳಿ. ಮೊದಲು ಗೇಮಿನಲ್ಲೂ ಎಂಜಿನ್ ಕಾದು ಲಾರಿ ನಿಂತೇಬಿಡುತ್ತಿತ್ತು. ಆಡಿ ನೋಡುವವರು ಬೇಜಾರು, ಬೇಜಾರು ಎಂದು ರಾಗ ಎಳೆದರು. ಅದಕ್ಕೆ ಟೀಮ್ ಲೀಡರ್ ಶಾಖದ ಮುಳ್ಳು ಕೆಂಪು ಗೆರೆ ಮುಟ್ಟದ ಹಾಗೆ ಮಾಡಿಸಿದರು. ನಮ್ಮ ಗೇಮಿನಲ್ಲಿ ರೇಡಿಯೇಟರು ಒಣಗುವುದಿಲ್ಲ ಅಮ್ಮ, ಬಿಸಿಲಿಗೆ ಯಾರೂ ಸಾಯುವುದಿಲ್ಲ. ನಿನಗೆ ಕೊಟ್ಟಿರುವ ಹಳೆಯ ಲಾರಿ ಎಷ್ಟು ನೀರು ಕುಡಿಯುತ್ತದೆಂದು ನೀನೇ ಬೈದುಕೊಳ್ಳುತ್ತಿದ್ದೆ.

ಒಂದು ಮಾತ್ರ ಖಂಡಿತ ನಿಜ. ಮಧ್ಯಾಹ್ನ ಮೂರರ ಮೇಲೆ ಪಶ್ಚಿಮದ ಅಂಚು ಅರಿಸಿನ ಕದಡಿದ ಹಾಗೆ ಹಳದಿಯಾದರೆ ಅರ್ಧ ಗಂಟೆಯಲ್ಲಿ ಧೂಳುಗಾಳಿ ಬರುತ್ತದೆ. ಗೇಮಿನಲ್ಲಿ ಆ ಬಣ್ಣ ತರಲು ನನಗೆ ನಾಲ್ಕು ವಾರ ಹಿಡಿದಿತ್ತು. ಅದು ಕಂಡರೆ ರಸ್ತೆ ಬಿಟ್ಟು ಪಕ್ಕಕ್ಕೆ ನಿಲ್ಲಿಸು. ಗೇಮಿನಲ್ಲಿ ನೀನು ಖಾಲಿ ರಸ್ತೆಯಲ್ಲೂ ಇಂಡಿಕೇಟರ್ ಹಾಕಿ ಪಕ್ಕಕ್ಕೆ ನಿಲ್ಲಿಸುತ್ತಿದ್ದೆಯಲ್ಲ, ಹಾಗೆಯೇ.

ಇಷ್ಟು ಬರೆದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಸುತ್ತಿ ಬಳಸಿ ಎಷ್ಟು ಬರೆದರೂ ಅಲ್ಲಿಗೇ ಬರಬೇಕು.

ನೀಲಿ ತಗಡಿನ ಬಂಕ್ ಇಲ್ಲ ಅಮ್ಮ.

ಉಪ್ಪಿನ ಬಯಲು ದಾಟಿದ ಮೇಲೆ ಸಿಗುವ ಆ ಬಂಕು, ಅದರ ಪಕ್ಕದ ನಲ್ಲಿ, ಬೆಂಚು, ಎರಡು ಮರ ಯಾವುದೂ ಇಲ್ಲ. ಮುಚ್ಚಿಹೋದದ್ದೂ ಅಲ್ಲ, ಯಾವತ್ತೂ ಇರಲಿಲ್ಲ. ಅಲ್ಲಿ ನೋಡಲು ಏನೂ ಇಲ್ಲ ಎಂದು ಆಡುವವರು ಗೊಣಗಿದರೆಂದು ಲೀಡರ್ ಏನಾದರೂ ಒಂದು ಇಡು ಎಂದರು. ನಾನು ಇಟ್ಟೆ. ನಿನ್ನ ಹಾಲಿನ ಡೈರಿಯ ಗೇಟಿನ ಹೊರಗೆ ನೀಲಿ ತಗಡಿನ ಶೆಡ್ಡಿತ್ತಲ್ಲ, ಶಾಲೆ ಬಿಟ್ಟ ಮೇಲೆ ನೀನು ಓಡಿಸುತ್ತಿದ್ದ ವ್ಯಾನು ಬರುವವರೆಗೆ ನಾನು ಕೂತಿರುತ್ತಿದ್ದ ಜಾಗ, ಅದನ್ನೇ ತಂದು ಮರುಭೂಮಿಯ ನಡುವೆ ಕೂರಿಸಿದೆ. ಮೊದಲ ದಿನ ಅದನ್ನು ನೋಡಿದಾಗ, “ಎಲ್ಲೋ ನೋಡ್ದಂಗಿದೆ ಕಣೇ” ಎಂದೆ ನೀನು. ಆಗಲೇ ಹೇಳಬಹುದಿತ್ತು.

ನೀನು ನೇರವಾಗಿ ಕೇಳಿದ್ದೂ ನನಗೆ ನೆನಪಿದೆ. ಚಿಕ್ಕಮ್ಮ ಎದುರಿಗೇ ಇದ್ದಳು. ಇಷ್ಟು ಓದಿಸಿದ್ದು ಮನೆಯಲ್ಲಿ ಕೂತು ಆಟ ಆಡುವುದಕ್ಕಾ ಎಂದು ಆಗಷ್ಟೇ ಕೊಂಕು ತೆಗೆದಿದ್ದಳು. ನೀನು ಸ್ಟೇರಿಂಗ್ ಬಿಡದೆಯೇ, “ಆಟ ಅಲ್ಲ ಕಣೇ, ನನ್ ಮಗ್ಳು ಒಂದು ರಾಜ್ಯಾನೇ ಕಟ್ಟಿದಾಳೆ” ಎಂದೆ. ನನ್ನ ಕೆಲಸದ ಬಗ್ಗೆ ನೀನು ಒಂದು ಒಳ್ಳೆಯ ಮಾತು ಹೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ನಿನ್ನ ಬಾಯಲ್ಲಿ ಅದು ಗೊಂಬೆಯಾಟವಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, “ಈ ಬಂಕು ನಿಜವಾಗ್ಲೂ ಇದೆಯೇನೇ?” ಎಂದು ಕೇಳಿದೆ. ನಾನು ಇದೆ ಎಂದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಅಲ್ಲಿಯ ನೀರು ತಣ್ಣಗಿರುತ್ತದಂತೆ ಎಂದೂ ಸೇರಿಸಿದೆ.

ಆಗ ನಿನಗೆ ಈ ಕೆಲಸ ಸಿಕ್ಕಿರಲಿಲ್ಲ, ಅದೊಂದೇ ನನ್ನ ಸಮಾಧಾನ. ಡೈರಿ ಮುಚ್ಚಿದ ಮೇಲೆ ಮನೆಯಲ್ಲಿ ಕೈಕಟ್ಟಿ ಕೂತಿದ್ದವಳು ಐವತ್ತಮೂರನೇ ವಯಸ್ಸಿನಲ್ಲಿ, ಗಣಿಗೆ ಯಂತ್ರದ ಬಿಡಿಭಾಗ ಸಾಗಿಸುವ ಕಂಪನಿ ಸೇರಿ ಅದೇ ರಸ್ತೆಯನ್ನೇ ಕೇಳಿ ಪಡೆಯುತ್ತೀಯ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಸಂದರ್ಶನದಲ್ಲಿ ಆ ದಾರಿ ನಿಮಗೆ ಗೊತ್ತಾ ಎಂದು ಕೇಳಿದರೆ ಅಂಗೈ ರೇಖೆಯಷ್ಟು ಚೆನ್ನಾಗಿ ಗೊತ್ತು ಎಂದೆಯಂತೆ. ಅವತ್ತು ನಿನ್ನ ಜೊತೆ ನಾನೂ ನಕ್ಕೆ. ಆಮೇಲೆ ಹೋಗಬೇಡ ಎಂದು ಜಗಳವಾಡಿದೆ, ಯಾಕೆ ಎಂದು ಮಾತ್ರ ಹೇಳಲಿಲ್ಲ. ಹೊರಡುವ ಮೊದಲು ಡಿಪೋದ ಹಳಬರು ಯಾರಾದರೂ ಹೇಳಿಯಾರು ಎಂದು ಕಾದೆ. ಆದರೆ ಹೊಸಬಳು, ಅದೂ ಹೆಂಗಸು, ಕೇಳಿದರೆ ಆಡಿಕೊಳ್ಳುತ್ತಾರೆಂದು ನೀನು ಯಾರನ್ನೂ ಕೇಳುವುದಿಲ್ಲ, ಅದೂ ಗೊತ್ತು.

ಶನಿವಾರ ನೀನು ನೋಟ್‌ಬುಕ್ಕಿನ ಪುಟದ ಫೋಟೋ ಕಳಿಸಿದೆ. ಗೆರೆ ಎಳೆದು ಎಷ್ಟು ಅಂದವಾಗಿ ಬರೆದಿದ್ದೆ! ‘ನೀರು: ಒಂದು ಕ್ಯಾನು. ನೀಲಿ ಬಂಕಿನಲ್ಲಿ ತುಂಬಿಸುವುದು.’ ಅವತ್ತಿನಿಂದ ಸರಿಯಾಗಿ ಊಟ ಮಾಡಿಲ್ಲ. ಆ ಬಂಕನ್ನು ತೆಗೆಯೋಣ ಎಂದು ಸೋಮವಾರ ಲೀಡರನ್ನು ಕೇಳಿದೆ. ಜನ ತುಂಬಾ ಇಷ್ಟಪಟ್ಟ ಜಾಗ, ಮುಟ್ಟಬೇಡ ಎಂದರು. ನಿಜ ಏನೆಂದು ಅವರಿಗೂ ಹೇಳಲಿಲ್ಲ.

ಈ ಬಸ್ಸಿಗೆ ನಾನೇ ಹತ್ತಿ ಬರಬಹುದಿತ್ತು. ಶುಕ್ರವಾರ ಹೊಸ ಅಪ್‌ಡೇಟ್ ಇದೆ, ರಜೆ ಸಿಗುವುದಿಲ್ಲ ಎಂದು ಬರೆಯಲು ಹೊರಟಿದ್ದೆ. ಕೇಳಿದ್ದರೆ ಸಿಗುತ್ತಿತ್ತು. ನಿನ್ನ ಮುಖ ನೋಡಿಕೊಂಡು ಹೇಳುವ ಧೈರ್ಯ ಇಲ್ಲ, ಅಷ್ಟೇ.

ಬೈಯುವುದಿದ್ದರೆ ವಾಪಸು ಬಂದ ಮೇಲೆ ಮನಸಾರೆ ಬೈ. ನಾಲ್ಕು ಕ್ಯಾನು, ಅಮ್ಮ.

ತಪ್ಪು ಮಾಡಿದ
ನಿನ್ನ ಮೊದ್ದು

ಮರೆತಿದ್ದೆ: ಕಾಗದ ಓದಿದ ತಕ್ಷಣ ಹೆಬ್ಬೆರಳಿನ ಚಿತ್ರ ಕಳಿಸು. ಈ ಸಲ ಅದೇ ಸಾಕು.



ಶನಿವಾರ, ಬೆಳಿಗ್ಗೆ

ಅಮ್ಮಾ,

ಹೆಬ್ಬೆರಳು ಬರಲಿಲ್ಲ. ನಿನ್ನೆ ಹದಿನೇಳು ಸಲ ಫೋನ್ ಮಾಡಿದೆ, ಪ್ರತಿ ಸಲವೂ ವ್ಯಾಪ್ತಿ ಪ್ರದೇಶದ ಹೊರಗೆ ಎನ್ನುತ್ತಿತ್ತು. ಡಿಪೋಗೆ ಮಾಡಿದರೆ ಗುಮಾಸ್ತರು ಆ ಲಾರಿ ಆಗಲೇ ಹೊರಟಿದೆ ಎಂದು ಹೇಳಿ ಇಟ್ಟುಬಿಟ್ಟರು. ಕಂಡಕ್ಟರ್ ಅಣ್ಣ ಗುರುವಾರ ಮಧ್ಯಾಹ್ನವೇ ಸೂಪರ್‌ವೈಸರ್ ಕೈಗೆ ಕೊಟ್ಟೆ ಎಂದು ಆಣೆ ಮಾಡಿ ಹೇಳುತ್ತಾರೆ. ಹಾಗಾದರೆ ನಿನಗೆ ಸಿಕ್ಕಿರಲೇಬೇಕು. ಓದಿ ಕೋಪ ಮಾಡಿಕೊಂಡು ಬೇಕೆಂದೇ ಸುಮ್ಮನಿದ್ದೀಯ, ಅಲ್ಲವೇ? ಹಾಗೇ ಇರಲಿ. ಒಂದು ವರ್ಷ ಮಾತಾಡಬೇಡ ಬೇಕಾದರೆ.

ಆಫೀಸಿನಲ್ಲಿ ಕೂತು ನಿನ್ನೆ ಮಧ್ಯಾಹ್ನದ ಅಲ್ಲಿಯ ಶಾಖ ನೋಡಿದೆ. ನಲವತ್ತೇಳು ಇತ್ತು. ನಾನು ಗೇಮಿಗೆ ಹಾಕಿದ್ದಕ್ಕಿಂತ ಒಂದು ಹೆಚ್ಚು.

ಇದನ್ನೂ ಅದೇ ಬಸ್ಸಿಗೆ ಕೊಡುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಮೊದ್ದು



ಮಂಗಳವಾರ, ಡಿಪೋದ ಕ್ಯಾಂಟೀನು

ಮೊದ್ದೂ,

ಬೆಳಿಗ್ಗೆ ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ನೀನು ಹೋ ಎಂದು ಅಳತೊಡಗಿದೆ. ನಾನು ಏನು ಹೇಳಿದರೂ ನಿನ್ನ ಕಿವಿಗೆ ಬೀಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಬರೆಯುವ ಅಭ್ಯಾಸವಿಲ್ಲ. ಟ್ರಿಪ್ ಶೀಟಿನ ಹಿಂಭಾಗದಲ್ಲಿ ಬರೆದಿದ್ದೇನೆ, ಸಹಿಸಿಕೋ.

ನಿನ್ನ ಕಾಗದ ಸರಿಯಾದ ಸಮಯಕ್ಕೆ ಸಿಕ್ಕಿತು. ನಾಲ್ಕು ಕ್ಯಾನು ಇಟ್ಟುಕೊಂಡೇ ಹೋದೆ, ಎರಡು ಹಾಗೆಯೇ ವಾಪಸು ಬಂದವು. ನಿನ್ನ ಬಂಕ್ ಇರಬೇಕಾದ ಜಾಗದಲ್ಲಿ ಬರೀ ಕಲ್ಲು. ಹಾರನ್ ಹೊಡೆದು ನಗುತ್ತಾ ಮುಂದೆ ಹೋದೆ. ಹೆಬ್ಬೆರಳು ಕಳಿಸುವುದು ಮರೆತುಹೋಯಿತು.

ಆಕಾಶದ ವಿಷಯ ನೀನು ಬರೆದದ್ದು ಸರಿ. ಮೂರೂಕಾಲಿಗೆ ಪಶ್ಚಿಮದ ಕಡೆ ಅದೇ ಹಳದಿ ಕಂಡಿತು, ಊಟದ ಮೇಜಿನ ಮುಂದೆ ನೋಡಿದ್ದ ಬಣ್ಣವೇ, ಒಂದು ಚೂರೂ ಬೇರೆಯಲ್ಲ. ಇಂಡಿಕೇಟರ್ ಹಾಕಿ ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದೆ. ಆಮೇಲೆ ಒಂದೂವರೆ ಗಂಟೆ ನನ್ನ ಲಾರಿಯ ಮೂತಿಯೇ ನನಗೆ ಕಾಣಲಿಲ್ಲ. ನಿಲ್ಲಿಸದೆ ಹೋಗಿದ್ದರೆ ಹಳ್ಳಕ್ಕೆ ಬೀಳುತ್ತಿದ್ದೆ. ನಿನ್ನ ಚಿಕ್ಕಮ್ಮನಿಗೆ ಇದನ್ನು ಫೋನ್ ಮಾಡಿ ಹೇಳಿದ್ದೇನೆ.

ಸುಳ್ಳು ಹೇಳಿದ್ದು ತಪ್ಪು. ದೊಡ್ಡ ತಪ್ಪು. ನಿನ್ನ ಲೀಡರ್ ಹತ್ತಿರ ನಿಜ ಹೇಳಿ ಆ ಬಂಕನ್ನು ತೆಗೆಸು. ಇಲ್ಲಿ ಇನ್ನೂ ಇಬ್ಬರು ಡ್ರೈವರುಗಳು ಮೊಬೈಲಿನಲ್ಲಿ ನಿನ್ನ ಗೇಮ್ ಆಡುತ್ತಾರೆ. ಅವರಿಗೆ ನಾನೇ ಹೇಳಿದ್ದೇನೆ, ಉಪ್ಪಿನ ಬಯಲಾದ ಮೇಲೆ ನೀರಿಲ್ಲ ಎಂದು ಡಿಪೋದ ಹಲಗೆಯ ಮೇಲೂ ಬರೆಸಿದ್ದೇನೆ. ನಿನಗೆ ನನ್ನ ಮುಖ ನೋಡಿ ಹೇಳಲು ಭಯವಾಯಿತು ಎಂದದ್ದೇ ನನಗೆ ಹೆಚ್ಚು ಬೇಸರವಾದದ್ದು. ನಾನೇನು ಹುಲಿಯೇ? ಸರಿಯಾಗಿ ಊಟ ಮಾಡು. ಮುಂದಿನ ಭಾನುವಾರ ಬರುತ್ತೇನೆ, ಬೈಗುಳ ಅಲ್ಲಿಗೆ ಬಂದ ಮೇಲೆ.

ಅಮ್ಮ

ಮತ್ತೆ: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಸಲ ಓದಿದೆ. ನೀನು ಇಷ್ಟುದ್ದ ತಪ್ಪು ಒಪ್ಪಿಕೊಂಡು ಬರೆದಿರುವಾಗ ನಾನು ಮೇಲೆ ಸುಳ್ಳು ಬರೆದದ್ದು ನನಗೇ ಸರಿಕಾಣಲಿಲ್ಲ. ಗಣಿಯವರು ಅವಸರ ಮಾಡಿದರೆಂದು ಲೋಡನ್ನು ಗುರುವಾರ ಬೆಳಿಗ್ಗೆ ಐದಕ್ಕೇ ಹೊರಡಿಸಿದರು. ನಿನ್ನ ಎರಡೂ ಕಾಗದ ನನಗೆ ಸಿಕ್ಕಿದ್ದು ನಿನ್ನೆ ಸಂಜೆ, ವಾಪಸು ಬಂದು ಕೀ ಕೊಡುವಾಗ. ನನ್ನ ಹತ್ತಿರ ಇದ್ದದ್ದು ಒಂದೇ ಕ್ಯಾನು, ಅದರಲ್ಲಿ ಮುಕ್ಕಾಲು ರೇಡಿಯೇಟರಿಗೆ ಹೋಯಿತು. ಧೂಳು ನಿಂತ ಮೇಲೆ ಎದುರಿನಿಂದ ಬಂದ ಉಪ್ಪಿನ ಲಾರಿಯವರು ನೀರು ಕೊಟ್ಟರು, ಈಗ ಚೆನ್ನಾಗಿದ್ದೇನೆ, ಗಾಬರಿಯಾಗಬೇಡ. ಲೆಕ್ಕದ ಪ್ರಕಾರ ಬಂಕು ಬರಬೇಕಾದ ಜಾಗದಲ್ಲಿ ಏನೂ ಕಾಣದೆ ಹೋದಾಗ ಇಲ್ಲವೇನೋ ಎಂದು ನನಗೆ ಹೊಳೆಯಲೇ ಇಲ್ಲ. ನೀನು ಇದೆ ಎಂದಿದ್ದೆಯಲ್ಲ. ನಾನೇ ಎಲ್ಲೋ ನೋಡದೆ ದಾಟಿಬಿಟ್ಟಿರಬೇಕು ಎಂದುಕೊಂಡು, ಆ ಬಿಸಿಲಲ್ಲಿ ಲಾರಿ ತಿರುಗಿಸಿ ಇಪ್ಪತ್ತಾರು ಕಿಲೋಮೀಟರು ಹಿಂದಕ್ಕೆ ಹೋಗಿ ಹುಡುಕಿದೆ.