ಒಗೆಯದ ಕಾಲುಚೀಲ

ರೀ,

ಕೋಪ ಇಳಿಯದಿದ್ದರೆ ನಿಮ್ಮಕ್ಕನ ಮನೆಯಲ್ಲೇ ಇನ್ನಷ್ಟು ದಿನ ಇರಿ, ನಾನೇನೂ ಅನ್ನುವುದಿಲ್ಲ. ಆದರೆ ಹಾಕಿ ಬಿಟ್ಟ ಕಾಲುಚೀಲಗಳನ್ನು ಒಗೆಯದೆ ಹಾಗೇ ಕಳಿಸಿಕೊಡಿ. ಹೋದ ಸಲ ಅತ್ತಿಗೆ ಪಾಪ ಒಗೆದು, ಮಡಿಸಿ ಕಳಿಸಿದ್ದರು. ಅವುಗಳ ಹತ್ತಿರ ಒಂದು ಸೊಳ್ಳೆಯೂ ಸುಳಿಯಲಿಲ್ಲ.

ಚರಂಡಿ ಪಕ್ಕ ನಾವಿಡುವ ಸೊಳ್ಳೆ ಬೋನುಗಳಿಗೆ ಮನುಷ್ಯರ ಬೆವರಿನ ವಾಸನೆಯೇ ಬೇಕು. ಸೊಳ್ಳೆ ಸಿಕ್ಕರೆ ತಾನೇ ಅದನ್ನು ಲ್ಯಾಬಿನಲ್ಲಿ ಅರೆದು, ವೈರಸ್ ಇದೆಯೇ ಎಂದು ನೋಡುವುದು? ಆ ಚರಂಡಿ ಬೀದಿಯ ಮಕ್ಕಳು ಒಬ್ಬೊಬ್ಬರಾಗಿ ಜ್ವರ ಬಂದು ಮಲಗುತ್ತಿದ್ದಾರೆ. ನಮ್ಮ ಡ್ರೈವರ್ ತನ್ನ ಕಾಲುಚೀಲವನ್ನೂ ಕೊಟ್ಟು ನೋಡಿದ. "ನಮ್ಮನ್ನ ಸೊಳ್ಳೇನೂ ಮೂಸಿ ನೋಡಲ್ಲ ಮೇಡಂ, ಯಜಮಾನ್ರನ್ನೇ ಕರೆಸ್ಕೊಳ್ಳಿ" ಅಂದ. ನನಗೆ ನಗುವಷ್ಟೂ ತ್ರಾಣವಿರಲಿಲ್ಲ.

ಕೆಲಸ ಮುಗಿಸಿ ಬಂದರೆ ಮನೆಯಲ್ಲಿ ಮಾತಾಡಲು ಒಬ್ಬರೂ ಇರುವುದಿಲ್ಲ. ನೀವೂ ಇದೇ ಮಾತು ಹೇಳಿ ತಾನೇ ಹೋದದ್ದು.

ಮಂಚದ ಕೆಳಗೆ ನಿಮ್ಮದೊಂದು ಜೊತೆ ಸಿಕ್ಕಿತು, ಒಗೆಯದ್ದು. ಬೋನಿಗೆ ಹಾಕೋಣವೆಂದು ಎರಡು ಸಲ ಬ್ಯಾಗಿಗೆ ತುರುಕಿದೆ. ಎರಡು ಸಲವೂ ತೆಗೆದು ಅಲ್ಲೇ ಇಟ್ಟೆ.

ಅದು ಇಲ್ಲೇ ಇರಲಿ. ನೀವು ಬೇರೆಯದು ಕಳಿಸಿ.

ಇಂತಿ, ನೀವೇ ಹೆಸರಿಟ್ಟ
ಸೊಳ್ಳೆ ಮಹಾರಾಣಿ