ನಾನೂರ ಐದು ಮೀಟರು

ಮಾರ್ಚ್ 11, ಬೆಳಿಗ್ಗೆ 9.15

ಮೈನಸ್ ಹದಿನಾಲ್ಕು. ಗಾಳಿ ಈಶಾನ್ಯದಿಂದ. ಹವಾಮಾನ ಕೇಂದ್ರದ ಪುಸ್ತಕದಲ್ಲಿ ಬರೆದಾಯಿತು, ಜೆಜ್ಕಜ್ಗನ್ ಪಟ್ಟಣದ ಕಚೇರಿಗೆ ಫೋನಿನಲ್ಲಿ ಹೇಳಿಯೂ ಆಯಿತು. ಮೂರು ಗಂಟೆಗೊಮ್ಮೆ ಹವೆ ನೋಡುವುದು, ಬರೆಯುವುದು. ಇಪ್ಪತ್ತೆಂಟು ವರ್ಷದಿಂದ ಇದೇ.

ಅತ್ತೆಯ ಮಂಡಿಗೆ ಮುಲಾಮು ತಿಕ್ಕಿದೆ. "ಇವತ್ತು ಹಿಮ ಬೀಳತ್ತೆ, ಬರ್ಕೋ" ಅಂದರು. ನನ್ನ ಯಂತ್ರಗಳು ಬೀಳುವುದಿಲ್ಲ ಎನ್ನುತ್ತಿವೆ.

ಅದೇ ದಿನ, ಸಂಜೆ

ಹಿಮ ಬಿತ್ತು. ಅತ್ತೆಗೆ ಊಟ ಎರಡು ತುತ್ತು ಹೆಚ್ಚೇ ಸೇರಿತು.

ತುರಾರ್ ಬಂದಿದ್ದರು. ಊರಿನ ಆಚೆ ತುದಿಯ ವೆಲ್ಡಿಂಗ್ ಶೆಡ್ಡಿನವರು. ಮೊದಲು ಲಾರಿ ಓಡಿಸುತ್ತಿದ್ದರು — ಆಕಾಶದಿಂದ ನಮ್ಮ ಹುಲ್ಲುಗಾವಲಿಗೆ ಬೀಳುವ ರಾಕೆಟ್ ತುಂಡುಗಳನ್ನು ಹೆಕ್ಕಿ ಸಾಗಿಸುವ ಲಾರಿ. ಹೆಂಡತಿ ತೀರಿಕೊಂಡು ಹನ್ನೆರಡು ವರ್ಷ. ಬಾಗಿಲಲ್ಲೇ ನಿಂತು ಟೋಪಿ ಹಿಂಡುತ್ತಿದ್ದರು.

"ಕಲಮ್ಕಾಸ್ ಅವರೇ, ಒಂದು ಮಾತು ಕೇಳಲಾ? ನಗಬಾರದು."

"ನಗೋ ಮಾತಾಗಿದ್ರೆ ನಗ್ತೀನಿ."

"ಬಿದ್ದಿರೋ ಸಾಮಾನಲ್ಲೇ ಒಂದು ಸಣ್ಣ ರಾಕೆಟ್ ಮಾಡಬೇಕು ಅಂತಿದೀನಿ. ಎಂಟನೇ ಕ್ಲಾಸು ಓದಿರೋನ ಕೈಲಿ ಆಗತ್ತಾ? ನೀವು ಓದಿದವರು, ಹೇಳಿ."

ನಗಲಿಲ್ಲ. ಆಗಲ್ಲ ಎಂದೆ. ಯಾಕೆ ಬೇಕು ಈ ಉಸಾಬರಿ ಎಂದೂ ಕೇಳಿದೆ.

"ಮೂವತ್ತು ವರ್ಷ ಬಿದ್ದಿದ್ದನ್ನೇ ನೋಡಿದೀನಿ. ಅವು ಹಾರೋ ಜಾಗ ಇಲ್ಲಿಂದ ಎಲ್ಲೋ ದೂರ ಇದೆ. ಒಂದಾದ್ರೂ ಮೇಲೆ ಹೋಗೋದನ್ನ ಹತ್ತಿರ ನಿಂತು ನೋಡಬೇಕು, ಅಷ್ಟೇ."

ಒಳಗಿನಿಂದ ಅತ್ತೆ — "ಬಾಗಿಲು ಹಾಕ್ಕೊಂಡಾದ್ರೂ ಮಾತಾಡ್ರೋ, ಚಳಿ ಎಲ್ಲ ನನ್ನ ಮಂಡಿಗೆ ಬರ್ತಿದೆ!"

ಗಾಳಿಯ ಲೆಕ್ಕ ಬೇಕಂತೆ. ಕೊಡುತ್ತೇನೆ ಎಂದೆ. ಆಗಲ್ಲ ಎಂದವಳೇ ಯಾಕೆ ಒಪ್ಪಿಕೊಂಡೆನೋ.

ಮಾರ್ಚ್ 22, ನೌರುಜ್ ಹಬ್ಬ

ಏಳು ಪದಾರ್ಥ ಹಾಕಿ ಹಬ್ಬದ ಗಂಜಿ ಕಾಯಿಸಿದೆ. ಬೆಳಗಿನಿಂದ ಜನವೋ ಜನ. ತುರಾರ್ ಎಲ್ಲರಿಗಿಂತ ಕೊನೆಗೆ ಬಂದು ಎಲ್ಲರಿಗಿಂತ ಹೆಚ್ಚು ಹೊತ್ತು ಕೂತರು. ಅಂಗಳದಲ್ಲಿ ನಮ್ಮ ಕೋಳಿಗೂಡಿನ ಮಾಡನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಅದೂ ರಾಕೆಟ್ಟಿನದೇ ತಗಡು. ಈ ಊರಲ್ಲಿ ಯಾರ ಮನೆಯಲ್ಲಿಲ್ಲ?

ಅತ್ತೆ ಗದರಿದರು. "ಅದಕ್ಕೆ ಕೈ ಹಚ್ಚಬೇಡ. ಆಕಾಶ ನೋಡಿ ಬಂದ ಮಾಡು ಅಂತ ನನ್ನ ಕೋಳಿಗಳಿಗೆ ಆಗಲೇ ಕೊಬ್ಬು. ಮೊಟ್ಟೆ ಇಡೋದೇ ಬಿಟ್ಟಿವೆ."

"ಅಪಾ, ನಿಮಗೂ ಒಂದು ಸೀಟ್ ಇಡ್ಲಾ ರಾಕೆಟ್ಟಲ್ಲಿ?" ಅಪಾ ಅಂದರೆ ಅಜ್ಜಿ, ಅತ್ತೆ ಊರಿಗೆಲ್ಲ ಅಪಾ.

"ಇಡು. ಕಿಟಕಿ ಪಕ್ಕ ಇಡು."

ಅತ್ತೆಗೆ ಎಂಬತ್ತೆರಡು ವರ್ಷ. ನಕ್ಕು ನಕ್ಕು ಕೆಮ್ಮು ಬಂತು. ಎರ್ಮೆಕ್ ಹೋದ ಮೇಲೆ — ನನ್ನ ಗಂಡ ಹೋಗಿ ಒಂಬತ್ತು ವರ್ಷವಾಯಿತು — ಈ ಮನೆಯಲ್ಲಿ ಅಷ್ಟು ನಗು ಕೇಳಿದ ನೆನಪಿಲ್ಲ.

ಏಪ್ರಿಲ್ 6

ಅವರ ಶೆಡ್ಡಿಗೆ ಹೋಗಿದ್ದೆ. ಗಾಳಿಯ ಪಟ್ಟಿ ಕೊಡುವುದಕ್ಕೆ. ಫೋನಿನಲ್ಲೇ ಹೇಳಬಹುದಿತ್ತು.

ರಾಕೆಟ್ಟು ನನ್ನ ಎದೆಯೆತ್ತರ ಇದೆ. ದಪ್ಪ ಲೋಹದ ಕೊಳವೆ, ನಾಲ್ಕು ರೆಕ್ಕೆ. ಅವರಿಗೆ ಹೆಮ್ಮೆ — "ನಿಜವಾದ ರಾಕೆಟ್ಟಿನ ಮೈ ಇದು, ಹಾಳುಮೂಳು ಅಲ್ಲ."

"ತೂಕ ಹೆಚ್ಚಾಯ್ತು ಅಲ್ವಾ?"

"ಗಟ್ಟಿ ಇರಬೇಕಲ್ಲ!"

ಅಲ್ಲಿಗೆ ಬಿಟ್ಟೆ. ಬಿಡಬಾರದಿತ್ತು... ಚಹಾ ಕೊಟ್ಟರು. ಲೋಟ ತೊಳೆದಿರಲಿಲ್ಲ. ಕುಡಿದೆ.

ಏಪ್ರಿಲ್ 18, ಮಧ್ಯಾಹ್ನ 3.30

ಅಕ್ಷರ ಓಡುತ್ತಿಲ್ಲ.

ಒಣಹಳ್ಳದ ಹತ್ತಿರ ತುರಾರ್ ಇವತ್ತು ರಾಕೆಟ್ಟನ್ನು ಹೊತ್ತಿಸಿದರು. ಏಳಲೇ ಇಲ್ಲ. ನಿಂತಲ್ಲೇ ಒಡೆಯಿತು. ಸದ್ದು ಇಲ್ಲಿಯವರೆಗೆ ಕೇಳಿಸಿತು. ಓಡಿದೆ. ಹೇಗೆ ಓಡಿದೆನೋ, ಚಪ್ಪಲಿ ಒಂದೇ ಕಾಲಲ್ಲಿತ್ತು.

ಬದುಕಿದ್ದಾರೆ. ಮಣ್ಣಿನ ದಿಬ್ಬದ ಹಿಂದೆ ಕೂತಿದ್ದರಂತೆ, ಆದರೂ ತಲೆ ಎತ್ತಿ ಇಣುಕಿದ್ದಾರೆ. ಹುಬ್ಬು ಎರಡೂ ಸುಟ್ಟಿವೆ. ಎಡಗೈ ಮೊಣಕೈವರೆಗೆ ಕೆಂಪು. ನೀರು ಸುರಿದೆ, ಬಟ್ಟೆ ಸುತ್ತಿದೆ, ಬೈದೆ. ಬಾಯಿಗೆ ಬಂದಂತೆ ಬೈದೆ.

"ಸಾಯೋಕೆ ಹೊರಟಿದ್ರಾ? ನಿಮಗೇನಾದ್ರೂ ಆಗಿದ್ರೆ ನಾನು —"

ಅವರು ಹುಬ್ಬಿಲ್ಲದ ಮುಖದಲ್ಲಿ ನನ್ನನ್ನೇ ನೋಡಿದರು. ಎದ್ದು ಬಂದುಬಿಟ್ಟೆ.

ಮೇ 8

ಇಪ್ಪತ್ತು ದಿನ ಈ ಡೈರಿ ಮುಟ್ಟಲಿಲ್ಲ. ಕೇಂದ್ರದ ಪುಸ್ತಕದಲ್ಲಿ ಮಾತ್ರ ಬರೆದೆ. ಹಿಮ ಕರಗಿತು, ಹುಲ್ಲು ಬಂತು, ಅಲ್ಲೊಂದು ಇಲ್ಲೊಂದು ಕಾಡು ಟ್ಯುಲಿಪ್. ತುರಾರ್ ಬರಲಿಲ್ಲ. ಶೆಡ್ಡಿನ ಬಾಗಿಲು ಮುಚ್ಚಿಯೇ ಇದೆ ಎಂದು ಅಂಗಡಿಯಲ್ಲಿ ಹೇಳುತ್ತಿದ್ದರು.

ಬೆಳಿಗ್ಗೆ ಹಿಟ್ಟಿನುಂಡೆ ಮಾಡಿ ಬೌರ್ಸಾಕ್ ಕರಿದೆ. ಅತ್ತೆ ಅರ್ಧ ಬುಟ್ಟಿಗೆ ತುಂಬಿ ಬಟ್ಟೆ ಮುಚ್ಚಿದರು.

"ತಗೊಂಡು ಹೋಗು."

"ಯಾರಿಗೆ?"

"ಕೋಳಿಗಳಿಗೆ! ಯಾರಿಗೆ ಅಂತ ಕೇಳ್ತಾಳೆ."

ನಾನು ಎರ್ಮೆಕ್ ಫೋಟೋ ಕಡೆ ನೋಡಿದೆನೋ ಏನೋ. ಅತ್ತೆಯ ದನಿ ತಗ್ಗಿತು. "ಅವನು ನನ್ನ ಮಗ. ಗೋಡೆ ಮೇಲಿದಾನೆ, ಇರ್ತಾನೆ. ನೀನು ಗೋಡೆ ಮೇಲಿಲ್ಲವಲ್ಲ ಮಗಳೇ. ಹೋಗು, ಬಿಸಿ ಆರತ್ತೆ."

ದಾರಿಯಲ್ಲಿ ಅತ್ತುಬಿಟ್ಟೆ. ಮುಖ ಒರೆಸಿಕೊಂಡೇ ಬಾಗಿಲು ತಟ್ಟಿದೆ.

ಗಾಯ ಒಣಗಿದೆ. ಒಡೆದ ತುಂಡುಗಳನ್ನೆಲ್ಲ ಮೂಲೆಗೆ ಗುಡಿಸಿದ್ದಾರೆ. "ನೀವು ಮೊದಲೇ ಹೇಳಿದ್ರಿ. ಆಗಲ್ಲ ಅಂತ. ಸರಿಯಾಗೇ ಹೇಳಿದ್ರಿ."

"ತಪ್ಪು ಹೇಳಿದೆ. ನನಗೂ ಗೊತ್ತಿರಲಿಲ್ಲ, ಗೊತ್ತಿರೋ ಹಾಗೆ ಹೇಳಿದೆ. ತಕ್ಕಡಿ ಎಲ್ಲಿದೆ?"

ತುಂಡುಗಳನ್ನು ತೂಗಿದೆವು. ಒಂದೊಂದಾಗಿ. ಒಡೆದದ್ದು ದಪ್ಪ ಮೈಯಲ್ಲ. ಬುಡದಲ್ಲಿ ಉರಿ ಹೊರಬರುವ ಬಾಯಿ ತೀರ ಕಿರಿದು, ಅದು ಕಟ್ಟಿಕೊಂಡು ಒಳಗೇ ಒತ್ತಡ ಏರಿದೆ. ಇಷ್ಟು ತೂಕಕ್ಕೆ ಒಡೆಯದಿದ್ದರೂ ಅದು ಏಳುತ್ತಿರಲಿಲ್ಲ. ಗಟ್ಟಿ ಬೇಕಾದದ್ದು ಮದ್ದು ಉರಿಯುವ ಜಾಗದಲ್ಲಿ ಮಾತ್ರ. ಮಿಕ್ಕದ್ದು ತೆಳುವಾಗಿರಲಿ ಎಂದೆ. ಅವರು ವಾದಿಸಿದರು. ನಾನೂ ಬಿಡಲಿಲ್ಲ. ಮಧ್ಯೆ ಬೌರ್ಸಾಕ್ ಖಾಲಿಯಾಯಿತು.

ಹುಬ್ಬು ಒಂದು ಕಡೆ ಬಂದಿದೆ, ಇನ್ನೊಂದು ಕಡೆ ಇನ್ನೂ ಇಲ್ಲ. ಅದಕ್ಕೇ ಏನು ಹೇಳಿದರೂ ಆಶ್ಚರ್ಯಪಟ್ಟ ಹಾಗೆ ಕಾಣುತ್ತಾರೆ.

ಮೇ 24

ಎರಡನೆಯ ರಾಕೆಟ್ಟನ್ನು ಹಳ್ಳದಲ್ಲಿ ಕಬ್ಬಿಣದ ಚೌಕಟ್ಟಿಗೆ ಬಿಗಿದು ಉರಿಸಿ ನೋಡಿದೆವು. ದಿಬ್ಬದ ಹಿಂದೆ, ಇಬ್ಬರೂ. ಈ ಸಲ ಅವರ ತಲೆ ನನ್ನ ಕೈಯಡಿಯಲ್ಲಿತ್ತು, ಎತ್ತಲು ಬಿಡಲಿಲ್ಲ. ಒಡೆಯಲಿಲ್ಲ. ಸುಮಾರು ಮೂರು ಸೆಕೆಂಡು ಒಂದೇ ಸಮನೆ ಹುಯ್ಲಿಟ್ಟು ಉರಿದು ತಣ್ಣಗಾಯಿತು.

ಊರಿನ ಪೊಲೀಸ್ ಬಂದ. ಸೌಲೆಟ್, ಅತ್ತೆಯ ದೂರದ ಸಂಬಂಧಿ.

"ಅಕ್ಕ, ಏನಿದು? ಮನೆಗೊಂದು ಕಂಪ್ಲೇಂಟು ಬಂದಿದೆ."

"ಹವೆ ನೋಡ್ತಿದೀವಪ್ಪ."

"ಹವೆ ಹಿಂಗೆ ಕೂಗತ್ತಾ?"

ತುರಾರ್ ಎಲ್ಲ ಹೇಳಿಬಿಟ್ಟರು. ಸುಳ್ಳು ಬರುವುದಿಲ್ಲ ಆ ಮನುಷ್ಯನಿಗೆ. ಸೌಲೆಟ್ ಕೊಳವೆಯನ್ನು ಸುತ್ತಿ ಸುತ್ತಿ ನೋಡಿದ. ಮೇಲಿನವರನ್ನು ಕೇಳಿ ಹೇಳುತ್ತೇನೆ, ಅಲ್ಲಿಯವರೆಗೆ ಬೆಂಕಿ ಹಚ್ಚಿದರೆ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತೇನೆ ಎಂದ.

ಜೂನ್ 3

ಒಪ್ಪಿಗೆ ಬಂತು. ಒಂದೇ ಸಲ, ಜನ ದನ ಇಲ್ಲದ ಕಡೆ, ಸೌಲೆಟ್ ಎದುರಿಗೇ. ಗಾಳಿ ಇಲ್ಲದ ಹೊತ್ತನ್ನು ನಾನೇ ಆರಿಸಬೇಕು. ಕಾಗದದಲ್ಲಿ ನನ್ನ ಹೆಸರು — "ಹವಾಮಾನ ವೀಕ್ಷಕಿ". ಎರಡು ಸಲ ಓದಿದೆ.

ಜೂನ್ 7, ಬೆಳಿಗ್ಗೆ 10.30

ಇವತ್ತು. 7.20ಕ್ಕೆ.

ಗಾಳಿ ಸೊನ್ನೆ. ಹುಲ್ಲಿನ ತುದಿಯೂ ಅಲುಗಲಿಲ್ಲ. ಅತ್ತೆ ಬರುತ್ತೇನೆಂದು ಹಟ ಹಿಡಿದರು. ಕಂಬಳಿ ಸುತ್ತಿ ತುರಾರ್ ಅವರ ಹಳೆ ಜೀಪಿನಲ್ಲಿ ಕೂರಿಸಿದೆವು, ಕಿಟಕಿ ಪಕ್ಕ. ನಾನು ಐನೂರು ಮೀಟರು ದೂರದಲ್ಲಿ, ಹವೆಯ ಬಲೂನುಗಳ ಬೆನ್ನು ಹತ್ತಿ ಕೋನ ಅಳೆಯುವ ದುರ್ಬೀನು, ಥಿಯೊಡೊಲೈಟ್, ಇಟ್ಟುಕೊಂಡು. ಸೌಲೆಟ್ ಮರಳಿನ ಬಕೆಟ್ ಹಿಡಿದು ನಿಂತಿದ್ದ. ಪಾಪ, ಅವನ ಮುಖ ಬಿಳಿಚಿತ್ತು.

ತುರಾರ್ ಕೈ ಎತ್ತಿದರು. ಇಳಿಸಿದರು.

ಹೋಯಿತು.

ಹೇಗೆ ಬರೆಯಲಿ... ಮೊದಲು ಕಂಡಿತು, ಆಮೇಲೆ ಕೇಳಿಸಿತು. ಬಿಳಿ ಗೆರೆ. ನೆಟ್ಟಗೆ. ಕಣ್ಣು ತುಂಬಿ ಗಾಜು ಮಂಜಾಯಿತು. ಒರೆಸಿಕೊಳ್ಳಲಿಲ್ಲ, ಒರೆಸಿದರೆ ತಪ್ಪಿಹೋಗುತ್ತಿತ್ತು. ತುದಿಯಲ್ಲಿ ಒಂದು ಕ್ಷಣ ನಿಂತ ಹಾಗೆ ನಿಂತು ಬಾಗಿತು. ಕೋನ ಮೂವತ್ತೊಂಬತ್ತು ಡಿಗ್ರಿ. ಲೆಕ್ಕ ಹಾಕಿದೆ, ಇನ್ನೊಮ್ಮೆ ಹಾಕಿದೆ. ನಾನೂರ ಐದು ಮೀಟರು.

ಓಡಿ ಹೋಗಿ ಹೇಳಿದೆ. ತುರಾರ್ ಹುಲ್ಲಿನ ಮೇಲೆ ಕೂತುಬಿಟ್ಟಿದ್ದರು. "ನಾನೂರ ಐದಾ? ಆ ಐದೂ ಸೇರಿಸಿ ಹೇಳಿದ್ರಲ್ಲ..." ಎಂದು ಅಳುತ್ತಾ ನಗುತ್ತಿದ್ದರು. ಸೌಲೆಟ್ ಬಕೆಟ್ ಸಮೇತ ಕುಣಿಯುತ್ತಿದ್ದ, ಮರಳೆಲ್ಲ ಅವನ ಬೂಟಿನ ಮೇಲೆ.

ಜೀಪಿನಿಂದ ಅತ್ತೆ — "ಏ, ಬಿದ್ದಿದ್ದನ್ನ ಎತ್ಕೊಂಡು ಬರ್ರೋ, ಕುರಿ ಮೂಸೀತು!"

"ಆಮೇಲೆ ಎತ್ತೋಣ ಅಪಾ." ತುರಾರ್ ಎದ್ದು ಜೀಪಿನ ಹತ್ತಿರ ಹೋದರು. ಟೋಪಿ ತೆಗೆದರು. "ಒಂದು ಮಾತು ಕೇಳಬೇಕು. ಎಷ್ಟೋ ದಿನದಿಂದ ಇತ್ತು. ನಿಮ್ಮ ಸೊಸೇನ..."

"ಬಾಯಿ ಇರೋದು ಅವಳಿಗೆ. ಅವಳನ್ನ ಕೇಳು." ಆಮೇಲೆ ಅತ್ತೆ ಕಂಬಳಿಯಿಂದ ಕೈ ತೆಗೆದು ಅವರ ಸುಟ್ಟ ಕೈಯ ಮೇಲಿಟ್ಟರು. "ಒಂದು ಹೇಳ್ತೀನಿ. ಅವಳನ್ನ ನಾನು ಎಲ್ಲಿಗೂ ಕಳಿಸಲ್ಲ. ಬರೋದಾದ್ರೆ ನೀನೇ ಬರಬೇಕು. ನಿನ್ನ ಕಬ್ಬಿಣ ಎಲ್ಲ ಹೊರಗೆ."

ಎಲ್ಲರೂ ನನ್ನ ಕಡೆ ತಿರುಗಿದರು. ಪೊಲೀಸ್ ಕೂಡ!

"ಒಂಬತ್ತರ ಹವೆ ಬರೀಬೇಕು" ಎಂದೆ. ಅಷ್ಟೇ ಬಂತು ಬಾಯಿಗೆ. ಅರ್ಧ ದಾರಿ ಬಂದ ಮೇಲೆ ತಿರುಗಿ ಕೂಗಿದೆ — "ನಾಳೆ ಹೇಳ್ತೀನಿ!"

ಜೂನ್ 8, ಬೆಳಿಗ್ಗೆ 11.40

ನಿನ್ನೆ ಒಂಬತ್ತರ ಹವೆಯನ್ನು ತಪ್ಪು ಬರೆದಿದ್ದೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ. ತಿದ್ದಿದೆ.

ಅತ್ತೆ ಹೊಸ ಮೇಜುಬಟ್ಟೆ ಹಾಸಿಸಿದ್ದಾರೆ. ತುರಾರ್ ಹನ್ನೆರಡಕ್ಕೆ ಬರುತ್ತಾರಂತೆ. ಐವತ್ತೊಂದು ವರ್ಷದ ಹೆಂಗಸು ಇಂಥದ್ದಕ್ಕೆ ಹೇಗೆ ಉತ್ತರ ಹೇಳುತ್ತಾಳೆ? ಬಾಯಿ ಕಟ್ಟಿದರೆ ಕಷ್ಟ. ಇಲ್ಲೇ ಬರೆದು ನೋಡುತ್ತೇನೆ.

ತುರಾರ್ ಅವರೇ, ನೀವು ನಿನ್ನೆ ಕೇಳಿದ ವಿಷಯ — ಇದೇನಿದು, ಕಚೇರಿ ಕಾಗದದ ಹಾಗೆ.

ತುರಾರ್ ಅವರೇ, ನನಗೂ — ಊಹೂಂ.

ಜೀಪಿನ ಸದ್ದು. ಇಪ್ಪತ್ತು ನಿಮಿಷ ಮೊದಲೇ.

ತುರಾರ್, ನೀನು